ಬರಂಗಾಯ್, ಕಸ, ಮನೆಕೆಲಸದವರು: ಫಿಲಿಪೀನ್ಸ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಮನೆ ಸಿಕ್ಕಿತು, ಸಿಮ್ ಬಂತು, ತೊಗರಿಬೇಳೆ ಎಲ್ಲಿ ಸಿಗುತ್ತದೆ ಅಂತಲೂ ಗೊತ್ತಾಯಿತು. ಹೊಸದಾಗಿ ಬಂದವರು ನಮ್ಮ ಬಳಗದಲ್ಲಿ ಮೊದಲು ಕೇಳುವುದು ಇಷ್ಟೇ. ಕೇಳದೇ ಬಿಡುವ ವಿಷಯಗಳು ಬೇರೆ ಇವೆ. ಕಸ ಯಾವ ಡಬ್ಬಿಗೆ ಹಾಕಬೇಕು, ಮನೆಕೆಲಸದವರಿಗೆ ಏನೇನು ಕೊಡಬೇಕು, ಪಕ್ಕದ ಮನೆಯವರ ಜೊತೆ ಜಗಳವಾದರೆ ಯಾರ ಹತ್ತಿರ ಹೋಗಬೇಕು. ಈ ಕಾನೂನುಗಳಲ್ಲಿ ಕೆಲವು ಫಿಲಿಪಿನೊ ನಾಗರಿಕರಿಗೆ ಮಾತ್ರ. ಹೆಚ್ಚಿನವು ಇಲ್ಲಿ ಸಂಸಾರ ಹೂಡಿದ ಎಲ್ಲರಿಗೂ ಅನ್ವಯಿಸುತ್ತವೆ. ಮಕಾಟಿಯ ಕಂಪನಿ ಕೆಲಸಕ್ಕೆ ಬಂದವರಿರಲಿ, ಲಾಸ್ ಬಾನ್ಯೋಸ್‌ನ ಭತ್ತ ಸಂಶೋಧನಾ ಸಂಸ್ಥೆಗೆ ಬಂದವರಿರಲಿ, ದಾವಾವೊದಲ್ಲಿ ಡಾಕ್ಟರಿಕೆ ಓದುವ ಮಕ್ಕಳಿರಲಿ.

ಮೊದಲು ಬರಂಗಾಯ್

ಬಂದ ವಾರದಲ್ಲೇ ನಿಮ್ಮ ಬರಂಗಾಯ್ ಯಾವುದು ಅಂತ ತಿಳಿದುಕೊಳ್ಳಿ. ಸರ್ಕಾರದ ಅತಿ ಚಿಕ್ಕ ಘಟಕ ಇದು. ದೇಶದಲ್ಲಿ 42,000ಕ್ಕೂ ಹೆಚ್ಚು ಬರಂಗಾಯ್‌ಗಳಿವೆ. ನಗರದ ಮಧ್ಯದಲ್ಲೂ ಇರುತ್ತವೆ, ಹಳ್ಳಿಯಲ್ಲೂ ಇರುತ್ತವೆ. ಜನ ಆರಿಸಿದ ಮುಖ್ಯಸ್ಥರನ್ನು ಎಲ್ಲರೂ 'ಕಪಿತಾನ್' ಅಂತಲೇ ಕರೆಯುತ್ತಾರೆ. ಅವರ ಜೊತೆ ಏಳು ಜನ ಕಗವಾದ್‌ಗಳು, ಅಂದರೆ ಸದಸ್ಯರು. ಎಷ್ಟೋ ಕಚೇರಿಗಳಲ್ಲಿ ಕೇಳುವ ಬರಂಗಾಯ್ ಕ್ಲಿಯರೆನ್ಸ್, ಅಂದರೆ ನೀವು ಇಲ್ಲಿನ ನಿವಾಸಿ, ನಿಮ್ಮ ಮೇಲೆ ತಕರಾರಿಲ್ಲ ಎಂಬ ಪತ್ರ, ಸಿಗುವುದು ಇಲ್ಲೇ.

ನೆರೆಮನೆಯವರ ಜೊತೆ ತಕರಾರು ಬಂದರೂ ಇಲ್ಲಿಗೇ ಬರಬೇಕು. 1991ರ ಸ್ಥಳೀಯ ಸರ್ಕಾರ ಸಂಹಿತೆಯ ಪ್ರಕಾರ, ಒಂದೇ ಊರಿನಲ್ಲಿ ವಾಸವಿರುವ ಇಬ್ಬರ ನಡುವಿನ ಸಣ್ಣಪುಟ್ಟ ವ್ಯಾಜ್ಯ ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ಮೊದಲು ಕಪಿತಾನ್ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ಬಗೆಹರಿಯದಿದ್ದರೆ ಮೂವರ ಸಮಿತಿಯ ಮುಂದೆ ಹೋಗುತ್ತದೆ. ಅಲ್ಲೂ ಆಗದಿದ್ದರೆ ಮಾತ್ರ ಕೋರ್ಟಿಗೆ ಹೋಗಬಹುದು ಅಂತ ಪತ್ರ ಕೊಡುತ್ತಾರೆ. ಈ ಮಾತುಕತೆಗೆ ವಕೀಲರಿಗೆ ಪ್ರವೇಶವಿಲ್ಲ, ನೀವೇ ಹೋಗಬೇಕು. ನಮ್ಮ ಅನಿಸಿಕೆ ಕೇಳಿದರೆ, ಇದು ಒಳ್ಳೆಯ ಪದ್ಧತಿ. ಮೇಲಿನ ಮನೆಯ ನೀರು ಸೋರಿದ್ದು, ಅಡ್ವಾನ್ಸ್ ವಾಪಸ್ ಕೊಡದ ಮನೆ ಮಾಲೀಕರು, ನಡುರಾತ್ರಿಯ ಕರೋಕೆ, ಇಂಥವೆಲ್ಲ ಅಲ್ಲೇ ಮುಗಿಯುವಂಥವು. ಕರೆ ಬಂದಾಗ ಮಾತ್ರ ತಪ್ಪಿಸಿಕೊಳ್ಳಬೇಡಿ. ಹೋಗದಿದ್ದರೆ ಕೇಸು ನಿಮ್ಮ ವಿರುದ್ಧ ತಿರುಗುತ್ತದೆ.

ಜನವರಿ, ಫೆಬ್ರವರಿಯ ಕೆಲಸ

ಎಸಿಆರ್ ಐ-ಕಾರ್ಡ್ (ವಿದೇಶಿಯರಿಗೆ ವಲಸೆ ಇಲಾಖೆ ಕೊಡುವ ನೋಂದಣಿ ಕಾರ್ಡ್) ಇರುವ ವಿದೇಶಿಯರು ಪ್ರತಿ ವರ್ಷದ ಮೊದಲ 60 ದಿನಗಳಲ್ಲಿ ವಲಸೆ ಇಲಾಖೆಗೆ ವಾರ್ಷಿಕ ವರದಿ ಕೊಡಬೇಕು. ಕೆಲಸದ ವೀಸಾ, ವಿದ್ಯಾರ್ಥಿ ವೀಸಾ, ಫಿಲಿಪಿನೊ ಸಂಗಾತಿಯ ಮೂಲಕ ಸಿಕ್ಕ ವೀಸಾ, ಎಲ್ಲದಕ್ಕೂ ಇದೇ ನಿಯಮ. ಟೂರಿಸ್ಟ್ ವೀಸಾದವರಿಗೆ ಇದಿಲ್ಲ. 14 ವರ್ಷದೊಳಗಿನ ಮಕ್ಕಳ ಪರವಾಗಿ ಅಪ್ಪ ಅಮ್ಮ ಹೋಗಬಹುದು. ವೀಸಾದ್ದೆಲ್ಲ ಕಂಪನಿಯವರು ನೋಡಿಕೊಳ್ಳುತ್ತಾರೆ ಅಂತ ಸುಮ್ನೆ ಕೂರಬೇಡಿ. ನೌಕರರದ್ದು ಮಾಡಿಸಿ ಹೆಂಡತಿ ಮಕ್ಕಳದ್ದು ಮರೆತುಬಿಡುವುದುಂಟು.

ಅದೇ ಎರಡು ತಿಂಗಳಲ್ಲಿ ಸೆಡುಲಾ ಕೂಡ ಮಾಡಿಸಿಬಿಡಿ. ಇದು ಸಮುದಾಯ ತೆರಿಗೆ ಕಟ್ಟಿದ ರಸೀದಿ. ಮೂಲ ತೆರಿಗೆ 5 ಪೆಸೊ. ಆದಾಯದ ಪ್ರತಿ ಸಾವಿರಕ್ಕೆ ಇನ್ನೊಂದು ಪೆಸೊ, ಅದೂ 5,000 ಪೆಸೊ ಮೀರುವಂತಿಲ್ಲ. ಫೆಬ್ರವರಿ ದಾಟಿದರೆ ಬಡ್ಡಿ ಬೀಳುತ್ತದೆ. ಇಷ್ಟು ಸಣ್ಣ ಚೀಟಿಗೆ ದೊಡ್ಡ ಚರಿತ್ರೆ ಇದೆ. ಸ್ಪೇನ್ ಆಳ್ವಿಕೆಯಲ್ಲಿ ಸೆಡುಲಾ ಇಲ್ಲದೆ ಓಡಾಡುವಂತಿರಲಿಲ್ಲ. 1896ರಲ್ಲಿ ಆಂದ್ರೆಸ್ ಬೊನಿಫಾಸಿಯೊ ಮತ್ತು ಸಂಗಡಿಗರು ಕ್ರಾಂತಿ ಶುರು ಮಾಡಿದ್ದೇ ಸೆಡುಲಾ ಹರಿದು. ನೀವು ಹರಿಯಬೇಡಿ, ಫೈಲಿನಲ್ಲಿಡಿ.

ಆದಾಯ ತೆರಿಗೆಯ ವರ್ಷ ಇಲ್ಲಿ ಜನವರಿಯಿಂದ ಡಿಸೆಂಬರ್. ರಿಟರ್ನ್ ಕೊನೆಯ ದಿನ ಏಪ್ರಿಲ್ 15. ಒಂದೇ ಕಂಪನಿಯ ಸಂಬಳ ಮಾತ್ರ ಇದ್ದರೆ ಸಂಬಳ ಮತ್ತು ಹಿಡಿದ ತೆರಿಗೆಯ ಲೆಕ್ಕವಿರುವ 2316 ನಮೂನೆಯ ಪತ್ರವನ್ನು ಕಂಪನಿಯಿಂದ ಕೇಳಿ ತೆಗೆದುಕೊಳ್ಳಿ, ಊರಿನ ತೆರಿಗೆ ಲೆಕ್ಕಕ್ಕೂ ಬೇಕಾಗಬಹುದು. ಬಾಡಿಗೆಗೆ ಅಂತ ವರ್ಷದ ಚೆಕ್‌ಗಳನ್ನು ಮುಂದಿನ ತಾರೀಖು ಹಾಕಿ ಒಟ್ಟಿಗೆ ಬರೆಸಿಕೊಳ್ಳುವ ರೂಢಿ ಇಲ್ಲಿ ಜಾಸ್ತಿ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಅಪರಾಧ. ಊರಲ್ಲೂ 138ನೇ ಸೆಕ್ಷನ್ ಇದೆ ಅಲ್ವಾ, ಹಾಗೇ.

ಕಸ

2000ನೇ ಇಸವಿ ಜುಲೈ 10ರಂದು ಕೆಸಾನ್ ಸಿಟಿಯ ಪಯಾತಾಸ್‌ನಲ್ಲಿ ಕಸದ ಗುಡ್ಡ ಮಳೆಗೆ ಕುಸಿದು ಬುಡದಲ್ಲಿದ್ದ ಗುಡಿಸಲುಗಳ ಮೇಲೆ ಬಿತ್ತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಆ ಕಸವನ್ನೇ ಆಯ್ದು ಬದುಕುತ್ತಿದ್ದವರು. ಮುಂದಿನ ಜನವರಿಯಲ್ಲೇ ರಿಪಬ್ಲಿಕ್ ಆ್ಯಕ್ಟ್ 9003 ಎಂಬ ಘನತ್ಯಾಜ್ಯ ಕಾನೂನು ಬಂತು. ಕಸವನ್ನು ಮನೆಯಲ್ಲೇ ಬೇರೆ ಮಾಡಬೇಕು ಅಂತ ಈ ಕಾನೂನು ಹೇಳುತ್ತದೆ.

ಡಬ್ಬಿಗಳ ಮೇಲೆ ತಗಾಲೊಗ್‌ನಲ್ಲಿ 'ನಬುಬುಲೊಕ್', 'ಡಿ-ನಬುಬುಲೊಕ್' ಅಂತ ಬರೆದಿರುತ್ತದೆ. ಕೊಳೆಯುವುದು, ಕೊಳೆಯದಿರುವುದು. ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸ ಮಾಡಿದವರಿಗೆ ಕಷ್ಟವೇನಿಲ್ಲ. ತರಕಾರಿ ಸಿಪ್ಪೆ, ಕಾಫಿ ಚರಟ, ಪೂಜೆಯ ಹೂವು ಮೊದಲಿನದಕ್ಕೆ. ಡಯಾಪರ್, ಹಾಲಿನ ಸ್ಯಾಶೆ ಇಂಥ ಯಾತಕ್ಕೂ ಬಾರದ್ದು ಬೇರೆ. ಬ್ಯಾಟರಿ, ಬಲ್ಬು, ಪೇಂಟ್ ಡಬ್ಬಿ ಇನ್ನೂ ಬೇರೆ. ಕೊಳೆಯುವುದು ಮತ್ತು ಮರುಬಳಕೆಯದ್ದು ಬರಂಗಾಯ್ ಜವಾಬ್ದಾರಿ, ಉಳಿದದ್ದು ನಗರದ್ದು. ಹಾಗಾಗಿ ಲಾರಿ ಬರುವ ದಿನಗಳೂ ಬೇರೆ ಬೇರೆ ಇರುತ್ತವೆ. ಬಾಟಲಿ, ಹಳೇ ಪೇಪರ್‌ಗೆ 'ಬೋತೆ, ದ್ಯಾರ್ಯೊ' ಅಂತ ಕೂಗುತ್ತಾ ತಳ್ಳುಗಾಡಿಯವರು ಬರುತ್ತಾರೆ. ಅವರಿಗೇ ಕೊಡಿ, ಅವರಿಗೂ ನಾಲ್ಕು ಕಾಸು ಆಗುತ್ತದೆ.

ಬೀದಿಯಲ್ಲಿ ಕಸ ಎಸೆದರೆ 300ರಿಂದ 1,000 ಪೆಸೊ ದಂಡ, ಇಲ್ಲವೇ ದಿನಗಟ್ಟಲೆ ಸಮುದಾಯ ಸೇವೆ. ಕಸಕ್ಕೆ ಬೆಂಕಿ ಹಚ್ಚುವುದೂ ಅಪರಾಧ. ನಮ್ಮೂರ ಕಡೆ ಸಂಜೆ ಅಂಗಳದ ತರಗೆಲೆಗೆ ಬೆಂಕಿ ಇಡುವ ಅಭ್ಯಾಸ ಇದ್ದವರು ಗಮನಿಸಿ. ಮಕಾಟಿ, ಕೆಸಾನ್ ಸಿಟಿಯಂಥ ಊರುಗಳಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೂ ನಿಷೇಧವಿದೆ. ಬಟ್ಟೆ ಚೀಲ ಹಿಡಿದೇ ಹೋಗಿ. ತುಳಸಿ ಕುಂಡದ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ, ಡೆಂಗಿ ಇಲ್ಲಿ ಮಳೆಗಾಲದ ಖಾಯಂ ಅತಿಥಿ.

ಮನೆಕೆಲಸದವರು

ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಮನೆಯಲ್ಲಿ ಕೆಲಸ ಮಾಡುವವರನ್ನು ಕಸಂಬಹಾಯ್ ಅನ್ನುತ್ತಾರೆ. 2013ರಿಂದ ಅವರಿಗೇ ಒಂದು ಕಾನೂನಿದೆ. ಊರಿನಲ್ಲಿ ಬಾಯಿಮಾತಿನಲ್ಲಿ ಮುಗಿಸುವುದನ್ನೆಲ್ಲ ಇಲ್ಲಿ ಬರವಣಿಗೆಯಲ್ಲಿ ಮಾಡಬೇಕು. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕರಾರು ಪತ್ರ ಬೇಕು. ಬರಂಗಾಯ್‌ನಲ್ಲಿ ಹೆಸರು ನೋಂದಾಯಿಸಬೇಕು. 15 ವರ್ಷದೊಳಗಿನವರನ್ನು ಇಟ್ಟುಕೊಳ್ಳುವಂತಿಲ್ಲ. ದಿನಕ್ಕೆ ಒಟ್ಟು 8 ಗಂಟೆ ವಿಶ್ರಾಂತಿ, ವಾರಕ್ಕೆ ಸತತ 24 ಗಂಟೆ ರಜೆ. ಒಂದು ತಿಂಗಳು ಕೆಲಸ ಮಾಡಿದರೆ ಎಸ್‌ಎಸ್‌ಎಸ್ (ಸಾಮಾಜಿಕ ಭದ್ರತೆ), ಫಿಲ್‌ಹೆಲ್ತ್ (ಆರೋಗ್ಯ ವಿಮೆ), ಪಾಗ್-ಇಬಿಗ್ (ಉಳಿತಾಯ ಮತ್ತು ಮನೆ ಸಾಲದ ನಿಧಿ) ಮೂರಕ್ಕೂ ಸೇರಿಸಬೇಕು. ಸಂಬಳ 5,000 ಪೆಸೊಗಿಂತ ಕಡಿಮೆಯಿದ್ದರೆ ಇವುಗಳ ಪೂರ್ತಿ ಕಂತು ನಿಮ್ಮ ಕೈಯಿಂದಲೇ. ಒಂದು ವರ್ಷ ತುಂಬಿದ ಮೇಲೆ ವರ್ಷಕ್ಕೆ 5 ದಿನ ಸಂಬಳ ಸಹಿತ ರಜೆ. ಡಿಸೆಂಬರ್‌ನಲ್ಲಿ 13ನೇ ತಿಂಗಳ ಸಂಬಳ, ಅಂದರೆ ವರ್ಷಕ್ಕೊಮ್ಮೆ ಕೊಡುವ ಹೆಚ್ಚುವರಿ ಸಂಬಳ. ಕನಿಷ್ಠ ಕೂಲಿ ಪ್ರದೇಶಕ್ಕೆ ತಕ್ಕಂತೆ ಬದಲಾಗುತ್ತದೆ, ಕರಾರಿಗೆ ಮೊದಲು ವಿಚಾರಿಸಿಕೊಳ್ಳಿ.

ತಟ್ಟೆ ಒಡೆದರೆ ಹಿಡಿದುಕೊಳ್ಳಲು ಅಂತ ಡಿಪಾಸಿಟ್ ಇಟ್ಟುಕೊಳ್ಳುವುದು ನಿಷಿದ್ಧ. ಅವರ ಫೋನು, ಪತ್ರಗಳನ್ನು ತಪಾಸಣೆ ಮಾಡುವುದೂ ತಪ್ಪು. ಮನೆಯಲ್ಲೇ ಉಳಿಯುವವರಿಗೆ ಮೂರು ಹೊತ್ತು ಸರಿಯಾದ ಊಟ, ಮಲಗಲು ಮರ್ಯಾದೆಯ ಜಾಗ ಕೊಡಬೇಕು. ನಿಮ್ಮದು ಸಸ್ಯಾಹಾರಿ ಮನೆಯಾದರೆ ಸೇರಿಸಿಕೊಳ್ಳುವಾಗಲೇ ಹೇಳಿ. ಮೀನು ತಿಂದು ಬೆಳೆದವರಿಗೆ ಮೂರು ಹೊತ್ತೂ ಸಾರು ಅನ್ನ ಹಾಕಿ 'ಊಟ ಕೊಟ್ಟಿದ್ದೇವೆ' ಅನ್ನುವುದು ನ್ಯಾಯವಲ್ಲ. ವಯಸ್ಸಿನಲ್ಲಿ ದೊಡ್ಡವರಾದ ಹೆಂಗಸರಾದರೆ 'ಆತೆ', ಅಂದರೆ ಅಕ್ಕ ಅಂತ ಕರೆಯಿರಿ, ಮಕ್ಕಳಿಗೂ ಹಾಗೇ ಕಲಿಸಿ.

ಕಷ್ಟ ಅಂದರೆ ಮುಂಗಡ ಕೊಡಿ. ಆದರೆ ಬಡ್ಡಿಗೆ ಸಾಲ ಕೊಡುವ ಯೋಚನೆ ಬೇಡ, ಅವರಿಗೂ ಬೇಡ, ನೆರೆಯವರಿಗೂ ಬೇಡ. ಐದು ಕೊಟ್ಟು ಆರು ವಸೂಲಿ ಮಾಡುವ 'ಫೈವ್-ಸಿಕ್ಸ್' ಸಾಲಕ್ಕೂ ಭಾರತೀಯರಿಗೂ ಇಲ್ಲಿನ ಜನ ಹಳೇ ಗಂಟು ಹಾಕಿಬಿಟ್ಟಿದ್ದಾರೆ. ಪರವಾನಗಿ ಇಲ್ಲದೆ ಲೇವಾದೇವಿ ನಡೆಸುವುದು ಕಾನೂನುಬಾಹಿರವೂ ಹೌದು.

ಗಣಪತಿ, ದೀಪಾವಳಿ

ಮನಿಲಾ ಕೊಲ್ಲಿಯನ್ನು ಶುಚಿ ಮಾಡಿ ಅಂತ ಇಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಸರ್ಕಾರಿ ಇಲಾಖೆಗಳಿಗೆ ಆದೇಶ ಕೊಟ್ಟಿತು. ಅದೇ ಕೊಲ್ಲಿಗೆ ಬಣ್ಣದ ಗಣಪನನ್ನು ಒಯ್ದು ಬಿಡುವುದು ಬೇಡ. ಬಣ್ಣವಿಲ್ಲದ ಮಣ್ಣಿನ ಮೂರ್ತಿ ಮಾಡಿ, ಮನೆಯ ಬಕೆಟ್‌ನಲ್ಲಿ ವಿಸರ್ಜಿಸಿ, ನೀರನ್ನು ಗಿಡಕ್ಕೆ ಹಾಕಿ. ಮಕ್ಕಳಿಗೆ ತಮಾಷೆಯೂ ಅದೇ ಜಾಸ್ತಿ. ಕಾಂಡೋದಲ್ಲಿ, ಅಂದರೆ ಅಪಾರ್ಟ್‌ಮೆಂಟ್ ಫ್ಲಾಟಿನಲ್ಲಿ, ಹೋಮ ಇಟ್ಟುಕೊಂಡರೆ ಕಟ್ಟಡದ ಆಫೀಸಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಹೊಗೆಗೆ ಅಲಾರಾಂ ಕೂಗುತ್ತದೆ.

ದೀಪಾವಳಿಗೆ ದೀಪ ಸಾಕು. 2017ರ ಆದೇಶದ ಪ್ರಕಾರ ಪಟಾಕಿ ಹೊಡೆಯಲು ಸ್ಥಳೀಯ ಸರ್ಕಾರ ಗುರುತಿಸಿದ ಜಾಗವೇ ಆಗಬೇಕು. ದಾವಾವೊದಲ್ಲಂತೂ 2002ರಿಂದ ಪೂರ್ತಿ ನಿಷೇಧ, ಹೊಸ ವರ್ಷಕ್ಕೂ ಇಲ್ಲ. ಸಿಗರೇಟಿನ ವಿಷಯದಲ್ಲೂ ದಾವಾವೊ ಬಿಗಿ. ವಿದ್ಯಾರ್ಥಿಗಳ ಅಪ್ಪ ಅಮ್ಮ ಇದನ್ನು ಮಕ್ಕಳಿಗೆ ಹೇಳಿ ಕಳಿಸಿ.

ನಮಗಲ್ಲದ್ದು

18 ತುಂಬಿದ ಫಿಲಿಪಿನೊಗಳಿಗೆ ಮತದಾನವಿದೆ. ನಮಗೆ ಅದಿಲ್ಲ, ಪ್ರಚಾರವೂ ಇಲ್ಲ. ಅಭ್ಯರ್ಥಿಗೆ ಚಂದಾ ಕೊಡುವುದು, ಯಾವುದೇ ರೀತಿ ನೆರವಾಗುವುದು ವಿದೇಶಿಯರಿಗೆ ಅಪರಾಧ. ರ‍್ಯಾಲಿಯ ಹತ್ತಿರ ಫೋಟೊ ತೆಗೆಸಿಕೊಳ್ಳಲೂ ಹೋಗಬೇಡಿ. ಜಮೀನು ಕೊಳ್ಳುವಂತಿಲ್ಲ, ಸಂವಿಧಾನದಲ್ಲೇ ತಡೆಯಿದೆ. ಕಾಂಡೋ ಕೊಳ್ಳಬಹುದು, ಕಟ್ಟಡದಲ್ಲಿ ವಿದೇಶಿಯರ ಪಾಲು ಶೇ 40 ಮೀರದಿದ್ದರೆ. ಸ್ನೇಹಿತರ ಹೆಸರಲ್ಲಿ ಜಮೀನು ಮಾಡಿಸಿಕೊಡುತ್ತೇವೆ ಅಂತ ಯಾರಾದರೂ ಬಂದರೆ ಕೈಮುಗಿದು ಕಳಿಸಿಬಿಡಿ.

ಇಲ್ಲಿ ಹುಟ್ಟಿದ ಮಾತ್ರಕ್ಕೆ ಮಗುವಿಗೆ ಪೌರತ್ವ ಬರುವುದಿಲ್ಲ. ತಂದೆ ಅಥವಾ ತಾಯಿ ಫಿಲಿಪಿನೊ ಆಗಿರಬೇಕು. ಹೆರಿಗೆಯಾದರೆ 30 ದಿನದೊಳಗೆ ಸ್ಥಳೀಯ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಿ. ಭಾರತೀಯ ಮಗುವಾದರೆ ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲೂ ಮಾಡಿಸಿ.

ರಾಷ್ಟ್ರಗೀತೆ ಸಿನಿಮಾ ಮಂದಿರದಲ್ಲೂ ಕೇಳಿಬರುತ್ತದೆ, ಎದ್ದು ನಿಲ್ಲಿ. ಊರಿನ ಲೈಸೆನ್ಸ್‌ನಲ್ಲಿ ಬಂದ ದಿನದಿಂದ 90 ದಿನ ಗಾಡಿ ಓಡಿಸಬಹುದು, ಆಮೇಲೆ ಇಲ್ಲಿಯದೇ ಬೇಕು. ಮನಿಲಾದಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿ 1 ಅಥವಾ 2 ಇದ್ದರೆ ಸೋಮವಾರ ಬೆಳಿಗ್ಗೆ 7ರಿಂದ 10, ಸಂಜೆ 5ರಿಂದ 8 ರಸ್ತೆಗಿಳಿಯುವಂತಿಲ್ಲ. ಉಳಿದ ಅಂಕಿಗಳಿಗೆ ಹೀಗೇ ಶುಕ್ರವಾರದವರೆಗೆ. ಬೊರಕಾಯ್‌ಗೆ ಹೋದರೆ ಮರಳು, ಚಿಪ್ಪು, ಹವಳ ತರಬೇಡಿ.

ವಾಪಸ್ ಊರಿಗೆ ಹೊರಡುವಾಗಲೂ ಕೆಲಸವಿದೆ. ಟೂರಿಸ್ಟ್ ವೀಸಾದಲ್ಲಿ ಆರು ತಿಂಗಳು ಇದ್ದವರು, ಕೆಲಸ ಅಥವಾ ಓದಿನ ವೀಸಾ ಮುಗಿಸಿ ಪೂರ್ತಿ ಬಿಟ್ಟು ಹೋಗುವವರು ವಲಸೆ ಇಲಾಖೆಯಿಂದ ನಿರ್ಗಮನ ಪತ್ರ ಪಡೆಯಬೇಕು. ಹೊರಡುವ ಮೂರು ದಿನ ಮೊದಲಾದರೂ ಅರ್ಜಿ ಹಾಕಿ. ಅಜ್ಜಿ ತಾತ ಬಂದು ವೀಸಾ ಮುಂದುವರಿಸಿಕೊಂಡು ಉಳಿದಿದ್ದರೆ ಅವರದ್ದೂ ಲೆಕ್ಕ ಹಾಕಿ ನೋಡಿ. ಮನೆಯ ಆತೆಗೆ ಬಾಕಿ ಸಂಬಳ ಚುಕ್ತಾ ಮಾಡಿ. ಕೆಲಸ ಮಾಡಿದ ಬಗ್ಗೆ ಪತ್ರ ಕೇಳಿದರೆ 5 ದಿನದೊಳಗೆ ಕೊಡಬೇಕೆಂದು ಕಾನೂನಿದೆ. ಕೇಳುವ ಮೊದಲೇ ಬರೆದುಕೊಡಿ, ಮುಂದಿನ ಮನೆ ಹುಡುಕಲು ಅವರಿಗೆ ಬೇಕಾಗುತ್ತದೆ.