ಸೆಂಟರ್ ಕನ್ಸೋಲ್ ದೋಣಿ ನಿಮಗೆ ಹೊಂದುತ್ತದೆಯೇ? ಫ್ಲಾರಿಡಾದಲ್ಲಿ ಕೊಳ್ಳುವ ಮೊದಲು ನೋಡಿಕೊಳ್ಳಬೇಕಾದದ್ದು

ಸೆಂಟರ್ ಕನ್ಸೋಲ್ ಎಂದರೆ ಸ್ಟಿಯರಿಂಗ್, ಥ್ರಾಟಲ್ ಮತ್ತು ಜಿಪಿಎಸ್ ಪರದೆಗಳನ್ನು ಹೊತ್ತ ಒಂದು ಗೂಡು ನಟ್ಟನಡುವೆ ನಿಂತು, ಅದರ ಸುತ್ತ ಮೂತಿಯಿಂದ ಹಿಂತುದಿಯವರೆಗೆ ಡೆಕ್ ತೆರೆದೇ ಇರುವ ದೋಣಿ. ಮಲ್ಪೆ, ಗಂಗೊಳ್ಳಿಗಳ ನಾಡದೋಣಿ ನೋಡಿ ಬೆಳೆದವರಿಗೆ ತೆರೆದ ದೋಣಿಯಾಗಲಿ, ಹಿಂದೆ ತೂಗುವ ಔಟ್‌ಬೋರ್ಡ್ ಎಂಜಿನ್ ಆಗಲಿ ಹೊಸತಲ್ಲ. ಇಲ್ಲಿ ಹೊಸತಾಗಿರುವುದು, ನಡೆಸುವವನು ಹಿಂಬದಿಯಿಂದ ಎದ್ದು ನಡುವಿಗೆ ಬಂದಿರುವುದು. ಗಾಳಕ್ಕೆ ಬಿದ್ದ ದೊಡ್ಡ ಮೀನು ದೋಣಿಯನ್ನೇ ಸುತ್ತಿ ಓಡಿದರೂ, ಗಾಳ ಹಿಡಿದವನು ಯಾವುದಕ್ಕೂ ಎಡವದೆ ಅದರ ಜೊತೆಗೇ ಸುತ್ತು ಬರಬಹುದು. ಇಡೀ ದೋಣಿಯನ್ನು ಆ ಓಡಾಟಕ್ಕಾಗಿಯೇ ಕಟ್ಟಿರುತ್ತಾರೆ. ಆದ್ದರಿಂದ ಇದು ನಿಂತು ದಿನ ಕಳೆಯುವವರ ದೋಣಿ, ಮತ್ತು ನಿಮ್ಮ ಜೊತೆ ಬರುವವರು ಹೆಚ್ಚಾಗಿ ನಿಲ್ಲುವವರೋ ಕೂರುವವರೋ ಎಂಬುದನ್ನೇ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕು.

ಇದಕ್ಕೆ ಉತ್ತರ ಕಂಡುಕೊಳ್ಳಲು ನಾನು ಹೇಳುವ ಕ್ರಮ ಸರಳವಾಗಿದೆ. ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ, ಬರುವ ವರ್ಷ ನೀವು ನೀರಿಗಿಳಿಯಬಹುದಾದ ಹತ್ತು ದಿನಗಳನ್ನು ಬರೆಯಿರಿ. ಪ್ರತಿ ದಿನದ ಎದುರಿಗೆ ಯಾರು ಬರುತ್ತಾರೆ, ಎಷ್ಟು ಗಂಟೆ ಇರುತ್ತಾರೆ, ಯಾವ ನೀರಿನಲ್ಲಿ ಇರುತ್ತಾರೆ ಎಂದು ನಮೂದಿಸಿ. ಹತ್ತರಲ್ಲಿ ಆರೇಳು ದಿನ ಇಬ್ಬರು ಮೂವರು ಗೆಳೆಯರು ಬೆಳಗಿನ ಜಾವ ಗಾಳ ಹಾಕಲು ಹೋಗುವಂತಿದ್ದರೆ ಬೇರೆ ಮಾದರಿ ಹುಡುಕುವ ಅಗತ್ಯ ಅಷ್ಟಾಗಿ ಇಲ್ಲ. ಜೀವಂತ ಎರೆಯನ್ನು ಇಡುವ ನೀರಿನ ತೊಟ್ಟಿ, ಮೀನಿಗೆ ಐಸ್ ಪೆಟ್ಟಿಗೆ, ಗಾಳದ ಕೋಲು ಸಿಕ್ಕಿಸುವ ಹಿಡಿಕೆಗಳು, ಕೊನೆಗೆ ನೀರು ಹೊಡೆದು ತೊಳೆದುಬಿಡಬಹುದಾದ ಡೆಕ್, ಎಲ್ಲವೂ ಅವರಿಗಾಗಿಯೇ ಇವೆ.

ಹಾಳೆಯ ತುಂಬ ಮಕ್ಕಳು ಮತ್ತು ಹಿರಿಯರ ಹೆಸರುಗಳೇ ಇದ್ದರೆ ಮಾತ್ರ ನಿಧಾನಿಸಬೇಕು. ನಮ್ಮಲ್ಲಿ ಬಹಳಷ್ಟು ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ ಬರುವುದು ಬೇಸಿಗೆಯ ತಿಂಗಳುಗಳಲ್ಲಿ, ಅಂದರೆ ಫ್ಲಾರಿಡಾದ ಬಿಸಿಲು ಅತಿ ಕಟುವಾಗಿರುವ, ಮಧ್ಯಾಹ್ನವಾದರೆ ಗುಡುಗು ಮಿಂಚು ಕವಿಯುವ ಕಾಲದಲ್ಲಿ. ಕನ್ಸೋಲಿನ ಮೇಲಿನ ಟಿ-ಟಾಪ್ ಚಾವಣಿಯ ನೆರಳು ಮೂರು ನಾಲ್ಕು ಜನರಿಗೆ ಸಾಲುವುದೇ ಕಷ್ಟ. ಮೂತಿಯ ಕಡೆಯ ಮೆತ್ತೆಯ ಆಸನಗಳು ಫೋಟೋದಲ್ಲಿ ಚೆನ್ನಾಗಿ ಕಂಡರೂ ಓಡುವಾಗ ಅತಿ ಹೆಚ್ಚು ಎತ್ತಿ ಕುಕ್ಕುವುದು ಅಲ್ಲಿಯೇ, ನೀರು ಸಿಡಿಯುವುದೂ ಅಲ್ಲಿಗೇ. ಶೌಚದ ವಿಷಯವನ್ನು ಸಂಕೋಚವಿಲ್ಲದೆ ಕೇಳಿ. ಚಿಕ್ಕ ದೋಣಿಗಳಲ್ಲಿ ಅದಕ್ಕೆ ಸ್ಥಳವೇ ಇರುವುದಿಲ್ಲ. 22-23 ಅಡಿ ದಾಟಿದ ಹಲವು ದೋಣಿಗಳಲ್ಲಿ ಕನ್ಸೋಲಿನ ಒಳಗೆ ಇರುತ್ತದೆ, ಆದರೆ ಬಗ್ಗಿ ತೂರಬೇಕಾದ ಆ ಬಾಗಿಲು ಮಂಡಿನೋವಿರುವವರಿಗೆ ಇದ್ದೂ ಇಲ್ಲದಂತೆ. ನನ್ನ ಅತ್ತೆಯವರು ಒಮ್ಮೆ ಇಂತಹ ದೋಣಿಯಲ್ಲಿ ನಾಲ್ಕು ಗಂಟೆ ಒಂದು ಹನಿ ನೀರು ಕುಡಿಯದೆ ಕುಳಿತಿದ್ದರು. ಕಾರಣ ನನಗೆ ದಡ ಸೇರಿದ ಮೇಲೆ ತಿಳಿಯಿತು. ಇಂತಹ ಕುಟುಂಬಕ್ಕೆ ಎರಡು ಪಕ್ಕದಲ್ಲೂ ಕನ್ಸೋಲ್, ಮುಂದೆ ಗಾಜು, ನಡುವೆ ದಾರಿ ಇರುವ ಡ್ಯುಯಲ್ ಕನ್ಸೋಲ್ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ; ಶಾಂತವಾದ ಕೆರೆ, ಕೊಲ್ಲಿಗಳಷ್ಟೇ ಸಾಕೆನ್ನುವವರು ತೇಲುವ ಉದ್ದ ಕೊಳವೆಗಳ ಮೇಲೆ ಚಪ್ಪಟೆ ಡೆಕ್ ಕೂರಿಸಿದ ಪಾಂಟೂನ್ ದೋಣಿಯನ್ನೂ ನೋಡಬಹುದು.

ಎರಡನೆಯದು ನೀರು. ಫ್ಲಾರಿಡಾದ ಎರಡು ಕರಾವಳಿಗಳು ಒಂದೇ ಅಲ್ಲ. ಪೂರ್ವ ಕರಾವಳಿಯ ಪಾಮ್ ಬೀಚಿನ ಕಡೆ ದಡದಿಂದ ಕೆಲವೇ ಮೈಲಿಗಳಲ್ಲಿ ಆಳ ಸಮುದ್ರವೂ ಗಲ್ಫ್ ಸ್ಟ್ರೀಮ್ ಪ್ರವಾಹವೂ ಸಿಗುತ್ತವೆ. ಪಶ್ಚಿಮ ಕರಾವಳಿಯ ಟ್ಯಾಂಪಾ ಕಡೆ 100 ಅಡಿ ಆಳ ಮುಟ್ಟಬೇಕಾದರೆ ಮೂವತ್ತು ಮೈಲಿಗೂ ಹೆಚ್ಚು ಹೋಗಬೇಕು. ಪೂರ್ವದಲ್ಲಿ ಉತ್ತರಕ್ಕೆ ಹರಿಯುವ ಆ ಪ್ರವಾಹಕ್ಕೆ ಎದುರಾಗಿ ಉತ್ತರದ ಗಾಳಿ ಬೀಸಿದರೆ ಅಲೆಗಳು ಕಡಿದಾಗಿ ಏಳುತ್ತವೆ. ಇಳಿತದ ನೀರು ಹೊರಗೆ ಹರಿಯುವಾಗ ಕಡಲಗಾಳಿ ಒಳಗೆ ಬೀಸಿದರೆ ಅಳಿವೆಯ ಬಾಯಿಯಲ್ಲಿಯೂ ಹಾಗೆಯೇ. ಹೊರಗಡಲಿಗೆ ಹೋಗುವವರು ದೋಣಿಯ ತಳದ ಹಿಂತುದಿಯ ವಿ-ಕೋನ 20ರಿಂದ 24 ಡಿಗ್ರಿಯವರೆಗೆ ಇದೆಯೇ ನೋಡಬೇಕು. ಚೂಪಾದ ತಳ ಅಲೆಯನ್ನು ಸೀಳಿ ಮೆತ್ತಗೆ ಇಳಿಯುತ್ತದೆ, ಆದರೆ ನಿಂತಾಗ ಹೆಚ್ಚು ಹೊಯ್ದಾಡುತ್ತದೆ. ಸರಾಸರಿ 12 ಅಡಿಯಷ್ಟೇ ಆಳವಿರುವ ಟ್ಯಾಂಪಾ ಕೊಲ್ಲಿಯಲ್ಲಿ ತಿರುಗುವವರಿಗೆ ತಳ ಚಪ್ಪಟೆಯಾದ, ಸುಮಾರು ಒಂದಡಿ ನೀರಿನಲ್ಲೂ ತೇಲುವ ಬೇ ಬೋಟ್ ಸಾಕು. ಅದೂ ಸೆಂಟರ್ ಕನ್ಸೋಲೇ, ಆದರೆ ಅದನ್ನು ನಂಬಿ ಗಾಳಿಯ ದಿನ ಅಳಿವೆ ದಾಟಬಾರದು.

ಎಳೆಯುವ ವಾಹನವನ್ನು ಜನ ಮರೆಯುತ್ತಾರೆ. ಎಂಜಿನ್, ಟ್ರೇಲರ್, ಪೆಟ್ರೋಲ್ ಸೇರಿ 22-23 ಅಡಿಯ ದೋಣಿ 5,000 ಪೌಂಡ್ ದಾಟುವುದು ಸಾಮಾನ್ಯ. ಮನೆಯ ಮಿನಿವ್ಯಾನ್ ಎಳೆಯುವುದು ಹೆಚ್ಚೆಂದರೆ 3,500 ಪೌಂಡ್. ಇಂಧನದ ಅಂದಾಜಿಗೆ, ಔಟ್‌ಬೋರ್ಡ್ ಪೂರ್ಣ ವೇಗದಲ್ಲಿ ತನ್ನ ಅಶ್ವಶಕ್ತಿಯ ಸುಮಾರು ಹತ್ತನೇ ಒಂದರಷ್ಟು ಗ್ಯಾಲನ್‌ಗಳನ್ನು ಗಂಟೆಗೆ ಕುಡಿಯುತ್ತದೆ ಎಂದಿಟ್ಟುಕೊಳ್ಳಿ: 300 ಅಶ್ವಶಕ್ತಿಗೆ 30 ಗ್ಯಾಲನ್, ಹದವಾದ ಓಟದಲ್ಲಿ ಅದರ ಅರ್ಧ. ಟ್ಯಾಂಕಿನ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಆಪತ್ತಿಗೆ ಎಂದು ಲೆಕ್ಕ ಹಾಕಿದಾಗ ನಿಮ್ಮ ಮೀನಿನ ಜಾಗ ತಲುಪದಿದ್ದರೆ ಆ ದೋಣಿ ನಿಮಗೆ ಚಿಕ್ಕದು.

ಕಾನೂನಿನಲ್ಲಿ ಎರಡು ಅಂಶಗಳು ನೇರವಾಗಿ ತಟ್ಟುತ್ತವೆ. 26 ಅಡಿಗಿಂತ ಚಿಕ್ಕ ದೋಣಿಯನ್ನು ಮುಚ್ಚಿದ ಕೋಣೆಯಿಂದಲ್ಲದೆ ತೆರೆದ ಜಾಗದಿಂದ ವೇಗವಾಗಿ ನಡೆಸುವವರು, ತಾವು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಕೊಂಡಿಯನ್ನು ಮೈಗೆ ತಗುಲಿಸಿಕೊಂಡಿರಬೇಕೆಂದು 2021ರ ಏಪ್ರಿಲ್ 1ರಿಂದ ಒಕ್ಕೂಟ ಸರ್ಕಾರದ ನಿಯಮವಿದೆ. 1988ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಫ್ಲಾರಿಡಾದಲ್ಲಿ 10 ಅಶ್ವಶಕ್ತಿ ಅಥವಾ ಹೆಚ್ಚಿನ ದೋಣಿ ನಡೆಸಲು ಸುರಕ್ಷತಾ ತರಬೇತಿಯ ಗುರುತುಚೀಟಿ ಹೊಂದಿರಬೇಕು.

ಕೊನೆಗೆ, ಹಣ ಕೊಡುವ ಮೊದಲು ನೀರಿನಲ್ಲಿ ಪರೀಕ್ಷಿಸಿ. ಮಾರುವವರು ಬೆಳಗಿನ ಕನ್ನಡಿಯಂತಹ ನೀರಿಗೆ ಕರೆಯುತ್ತಾರೆ. ನೀವು ಕಡಲಗಾಳಿ ಏಳುವ ಮಧ್ಯಾಹ್ನವನ್ನೇ ಕೇಳಿ, ಹಾಳೆಯಲ್ಲಿ ಹೆಸರಿದ್ದವರನ್ನು ಕರೆದುಕೊಂಡು ಹೋಗಿ, ಅಲೆಗೆ ಎದುರಾಗಿಯೂ ಅಡ್ಡವಾಗಿಯೂ ಓಡಿಸಿ. ನಂತರ ಎಂಜಿನ್ ನಿಲ್ಲಿಸಿ ಮೂವರನ್ನು ಹಿಂತುದಿಯ ಒಂದು ಮೂಲೆಯಲ್ಲಿ ನಿಲ್ಲಿಸಿ. ಡೆಕ್‌ನ ನೀರು ಹೊರಹರಿಯುವ ತೂತುಗಳಿಂದ ನೀರು ಒಳಕ್ಕೆ ಬಂದು ಅವರ ಪಾದ ತೋಯಿಸಿದರೆ ಹಿಂಭಾಗದಲ್ಲಿ ಭಾರ ಮಿತಿಮೀರಿದೆ ಎಂದು ತಿಳಿಯಿರಿ. ಹಗುರವಾದ ಟೂ-ಸ್ಟ್ರೋಕ್ ಎಂಜಿನ್ ಇದ್ದ ಹಳೆಯ ದೋಣಿಗೆ ಭಾರದ ಫೋರ್-ಸ್ಟ್ರೋಕ್ ಕೂರಿಸಿದಾಗ ಇದು ಅನೇಕ ವೇಳೆ ಕಾಣುತ್ತದೆ, ಮತ್ತು ಅಂತಹ ದೋಣಿಯನ್ನು ಬೆಲೆ ಎಷ್ಟೇ ಇಳಿದರೂ ನಾನು ಕುಟುಂಬಕ್ಕೆ ಕೊಳ್ಳುವುದಿಲ್ಲ.