ಟ್ಯೂನಾ ರಾಶಿಯಲ್ಲಿ ಬಿಗ್‌ಐ ಮರಿ ಪತ್ತೆ ಹಚ್ಚುವುದು ಹೇಗೆ?

ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ ಪರ್ಸೀನ್ ಹಡಗುಗಳಿಗೆ (ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಹಡಗುಗಳು) ಮೀನುಗಾರಿಕೆ ಹಕ್ಕು ಮಾರಾಟವಾಗುವುದು ಟನ್ನಿನ ಲೆಕ್ಕದಲ್ಲಲ್ಲ, ದಿನದ ಲೆಕ್ಕದಲ್ಲಿ. ಟ್ಯೂನಾ ಮೀನುಗಾರಿಕೆಯನ್ನು ಒಟ್ಟಾಗಿ ನಿಯಂತ್ರಿಸುವ ನೌರು ಒಪ್ಪಂದದ ದ್ವೀಪದೇಶಗಳು 2007ರಿಂದ ಹಿಡಿದ ದಾರಿ ಇದು. ದಿನಕ್ಕೆ ಕನಿಷ್ಠ ದರ 8,000 ಡಾಲರ್. ಹಣ ದಿನದ ಲೆಕ್ಕದಲ್ಲಿ ಬರುವಾಗ ಯಾವ ಜಾತಿ ಎಷ್ಟು ಸಿಕ್ಕಿತು ಎಂಬುದರ ಬಗ್ಗೆ ಉಡಾಫೆ ಹುಟ್ಟುವುದು ಸುಲಭ. ಪೆಟ್ಟು ಬೀಳುವುದು ಬಿಗ್‌ಐ ಎಂಬ ಟ್ಯೂನಾ ಜಾತಿಯ ಮರಿಗಳಿಗೆ. ಮೀನುಗಳನ್ನು ಸೆಳೆಯಲು ತೇಲಿಬಿಡುವ ಸಾಧನವಾದ ಫ್ಯಾಡ್ ಸುತ್ತ ಬಲೆ ಬೀಸಿದರೆ ಸ್ಕಿಪ್‌ಜ್ಯಾಕ್ ಟ್ಯೂನಾ ಜತೆ ಅವೂ ಬರುತ್ತವೆ, ಹಡಗಿನ ಲಾಗ್‌ಬುಕ್ಕಿನಲ್ಲಿ ಯೆಲ್ಲೋಫಿನ್ ಎಂಬ ಇನ್ನೊಂದು ಟ್ಯೂನಾ ಜಾತಿಯ ಖಾತೆಗೆ ಸೇರಿಬಿಡುತ್ತವೆ. ರಾಜಧಾನಿ ಮಜುರೊದ ಬಂದರಿನಲ್ಲಿ ಮೀನು ಸಾಗಣೆ ಹಡಗಿಗೆ ದಾಟುವಾಗಲೇ ಅವನ್ನು ಪತ್ತೆ ಹಚ್ಚಬೇಕು.

ಮೊದಲು ಕಾಗದ. ಯಾವ ಟ್ಯಾಂಕಿಗೆ ಯಾವ ದಿನದ ಮೀನು ತುಂಬಿದೆ ಎಂಬುದನ್ನು ಲಾಗ್‌ಬುಕ್ಕಿನ ಜತೆ ತಾಳೆ ನೋಡಿ. ಫ್ಯಾಡ್ ಮೀನು, ಫ್ಯಾಡ್ ಇಲ್ಲದೆ ಹಿಡಿದ ಬಿಡಿ ಹಿಂಡಿನ ಮೀನು ಒಂದೇ ಟ್ಯಾಂಕಿನಲ್ಲಿದ್ದರೆ 'ಮಿಶ್ರ' ಎಂದು ಬರೆಯಿರಿ, ಅಂದಾಜಿನಲ್ಲಿ ಪಾಲು ಮಾಡಬೇಡಿ.

ಮಾದರಿಯನ್ನು ಕೈಯಿಂದ ಆರಿಸಬೇಡಿ. ಕೈ ತಾನಾಗಿ ದೊಡ್ಡ ಮೀನಿನತ್ತಲೇ ಹೋಗುತ್ತದೆ. ಒಂದು ತೊಟ್ಟಿ ತುಂಬ ಸುರಿಸಿಕೊಂಡು ತಳದ ಕೊನೆಯ ಮರಿಯವರೆಗೂ ನೋಡಿ.

ಸ್ಕಿಪ್‌ಜ್ಯಾಕ್ ಹೊಟ್ಟೆಯ ಮೇಲೆ ಉದ್ದುದ್ದ ಕಪ್ಪು ಗೆರೆಗಳಿರುತ್ತವೆ, ಸುಲಭ. ಹೆಚ್ಚಿನವರು ಎಡವುವುದು ಯೆಲ್ಲೋಫಿನ್ ಮರಿ, ಬಿಗ್‌ಐ ಮರಿಗಳ ನಡುವೆ. ಬಣ್ಣ ನಂಬಬೇಡಿ. ಉಪ್ಪುನೀರಿನಲ್ಲಿ ಹೆಪ್ಪುಗಟ್ಟಿದ ಮೀನಿನ ಹಳದಿ ಮಾಸಿರುತ್ತದೆ. ತಾಜಾ ಮೀನಿನ ಫೋಟೊ ಹಾಕಿದ ಲ್ಯಾಮಿನೇಟೆಡ್ ಚಾರ್ಟುಗಳು ಇಲ್ಲಿ ಉಪಯೋಗಕ್ಕಿಲ್ಲ. ಬಾಲದ ಕವಲಿನ ನಟ್ಟನಡುವೆ ನೋಡಿ: ಯೆಲ್ಲೋಫಿನ್‌ಗೆ ಅಲ್ಲಿ ಸ್ಪಷ್ಟವಾದ ಕಚ್ಚು, ಬಿಗ್‌ಐಗೆ ಚಪ್ಪಟೆ ಅಥವಾ ಅರ್ಧಚಂದ್ರ. ಆಮೇಲೆ ಪಕ್ಕೆ. ಯೆಲ್ಲೋಫಿನ್‌ನಲ್ಲಿ ಒತ್ತೊತ್ತಾದ ಬಾಗುಗೆರೆ, ಅದರ ಪಕ್ಕ ಚುಕ್ಕಿಸಾಲು, ಮತ್ತೆ ಗೆರೆ. ಬಿಗ್‌ಐನಲ್ಲಿ ಕೆಲವೇ ಗೆರೆ, ಅದೂ ದೂರದೂರ, ಅಡ್ಡಾದಿಡ್ಡಿ. ಎದೆಯ ಈಜುರೆಕ್ಕೆ ಬಿಗ್‌ಐಗೆ ಉದ್ದ, ಬೆನ್ನಿನ ಎರಡನೇ ರೆಕ್ಕೆಯ ಬುಡ ದಾಟುತ್ತದೆ. ಆದರೆ ತುದಿ ಮುರಿದಿದ್ದರೆ ಈ ಗುರುತನ್ನು ಬಿಟ್ಟುಬಿಡಿ. ಕಣ್ಣು ದೊಡ್ಡದೇ ಎಂದು ನೋಡುವುದು ಎರಡೂ ಜಾತಿ ಅಕ್ಕಪಕ್ಕ ಇದ್ದಾಗ ಮಾತ್ರ.

ಇಷ್ಟಾದರೂ ಅನುಮಾನವಿದ್ದರೆ ಕರಗಿಸಿ, ಹೊಟ್ಟೆ ಸೀಳಿ, ಪಿತ್ತಜನಕಾಂಗದ ಅಡಿಭಾಗ ನೋಡಿ. ನುಣುಪಾಗಿದ್ದು ಬಲ ಹಾಲೆ ಉದ್ದವಿದ್ದರೆ ಯೆಲ್ಲೋಫಿನ್. ರಕ್ತನಾಳದ ಸಣ್ಣ ಗೀರುಗಳಿದ್ದರೆ ಬಿಗ್‌ಐ. ಅಲ್ಲೂ ತಿಳಿಯದಿದ್ದರೆ 'ಗುರುತಾಗಿಲ್ಲ' ಎಂದೇ ಬರೆಯಿರಿ. ಗೊತ್ತಾಗದ್ದನ್ನೆಲ್ಲ ಯೆಲ್ಲೋಫಿನ್‌ಗೆ ಸೇರಿಸುವ ಅಡ್ಡದಾರಿಯಿಂದಲೇ ಲೆಕ್ಕ ಕೆಡುವುದು.

ಉದ್ದ ಅಳೆಯಲು ಅಲ್ಯೂಮಿನಿಯಂ ಕ್ಯಾಲಿಪರ್ ಒಂದೇ ಸರಿ. ಅಗ್ಗದ ಪ್ಲಾಸ್ಟಿಕ್ಕಿನದು ಬಾಗುತ್ತದೆ, ಟೇಪು ಮೈಯ ಉಬ್ಬಿನ ಮೇಲೆ ಹರಿದು ಹೆಚ್ಚು ತೋರಿಸುತ್ತದೆ. ಮೇಲ್ದವಡೆಯ ತುದಿಯಿಂದ ಬಾಲದ ಕವಲಿನವರೆಗೆ ಅಳೆದು, ಕೆಳಗಿನ ಪೂರ್ಣ ಸೆಂಟಿಮೀಟರ್ ಬರೆಯಿರಿ: 47.9 ಬಂದರೂ 47. ಬರೆಯುವುದು ಪೆನ್ಸಿಲ್‌ನಲ್ಲಿ, ನೀರು ತಡೆಯುವ ಕಾಗದದ ಮೇಲೆ.