ಮಾತ್ರೆ ಇಲ್ಲದೆ ನಿದ್ದೆ: ಹಾಸಿಗೆಯ ಹೊತ್ತು ಕಡಿತಗೊಳಿಸುವ ಲೆಕ್ಕ

ನಿದ್ದೆ ಕೆಟ್ಟವರು ಮೊದಲು ಮಾಡುವ ತಪ್ಪು ಬೇಗ ಮಲಗುವುದು. ನಿನ್ನೆ ನಿದ್ದೆಯಾಗಿಲ್ಲ, ಇವತ್ತು ಒಂಬತ್ತೂವರೆಗೇ ಲೈಟ್ ಆರಿಸಿಬಿಡೋಣ ಅಂತ. ಐದು ದೋಸೆಗಾಗುವ ಹಿಟ್ಟಿನಲ್ಲಿ ಎಂಟು ಹುಯ್ಯಲು ಹೋದರೆ ಏನಾಗುತ್ತದೋ ಇಲ್ಲೂ ಅದೇ: ನಿದ್ದೆ ತೆಳ್ಳಗಾಗಿ ನಡುನಡುವೆ ತೂತು ಬೀಳುತ್ತದೆ. ಜೊತೆಗೆ, ಹೊರಳಾಡಿದ ಆ ಮೂರು ಗಂಟೆಯಲ್ಲಿ ಹಾಸಿಗೆ ಅಂದರೆ ಎಚ್ಚರವಿರುವ ಜಾಗ ಅಂತ ಮೈ ಕಲಿತುಬಿಡುತ್ತದೆ. ಸೋಫಾ ಮೇಲೆ ತೂಕಡಿಸುತ್ತಿದ್ದವರು ಹಾಸಿಗೆಗೆ ಬಂದ ಕೂಡಲೇ ಕಣ್ಣು ಪಿಳಿಪಿಳಿ ಬಿಡುವುದು ಇದರಿಂದಲೇ.

ನನಗೆ ಕೆಲಸಕ್ಕೆ ಬಂದದ್ದು ಎರಡು ಹಳೆಯ ವಿಧಾನಗಳ ಜೋಡಿ. ಎಚ್ಚರವಾಗಿದ್ದರೆ ಹಾಸಿಗೆ ಬಿಟ್ಟೇಳುವ ನಿಯಮ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಮುಂದಿಟ್ಟದ್ದು. ಹಾಸಿಗೆಯ ಸಮಯವನ್ನೇ ಕಡಿತಗೊಳಿಸುವುದು ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ್ದು. ಇವೆರಡರ ಜೊತೆ ಇನ್ನಷ್ಟು ಸೇರಿಸಿದ ಚಿಕಿತ್ಸೆಗೆ ಸಿಬಿಟಿ-ಐ (ನಿದ್ರಾಹೀನತೆಗೆ ಯೋಚನೆ, ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆ) ಎಂದು ಹೆಸರು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳಿಂದ ನಿದ್ದೆ ಕೆಟ್ಟಿದ್ದರೆ ಅದು ದೀರ್ಘಕಾಲದ ನಿದ್ರಾಹೀನತೆ. ಅಂಥವರಿಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಿ ಎಂದು ಅಲ್ಲಿನ ವೈದ್ಯರ ಸಂಘ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಹೇಳಿತು.

ಯಾರು ತಾವೇ ಶುರು ಮಾಡಬಾರದು ಅನ್ನುವುದು ಮೊದಲು ಗೊತ್ತಿರಲಿ. ಮೂರ್ಛೆರೋಗ ಅಥವಾ ಬೈಪೋಲಾರ್ (ಮನಸ್ಸು ಉನ್ಮಾದ, ಖಿನ್ನತೆಗಳ ನಡುವೆ ತೂಗುವ ಕಾಯಿಲೆ) ಇರುವವರು ಬೇಡ. ನಿದ್ದೆ ಕಡಿಮೆಯಾದರೆ ಎರಡೂ ಕೆರಳುತ್ತವೆ. ಗೊರಕೆಯ ನಡುವೆ ಉಸಿರು ಕಟ್ಟಿ ದಡಕ್ಕನೆ ಏಳುವವರು, ಮಲಗಿದಾಗ ಕಾಲು ಜುಮುಗುಟ್ಟಿ ಅಲ್ಲಾಡಿಸದೆ ಇರಲಾಗದವರು ಮೊದಲು ಅದನ್ನು ಡಾಕ್ಟರಿಗೆ ತೋರಿಸಬೇಕು. ಬಸ್ಸು, ಲಾರಿ, ಯಂತ್ರ ನಡೆಸುವವರು ರಜೆ ಇಲ್ಲದೆ ಕೈಹಾಕಬಾರದು. ಈಗಾಗಲೇ ಅಲ್ಪ್ರಜೋಲಮ್‌ನಂಥ ಮಾತ್ರೆ ನುಂಗುತ್ತಿದ್ದರೆ ಒಮ್ಮೆಗೇ ನಿಲ್ಲಿಸಬಾರದು. ಫಿಟ್ಸ್ ಬರುವಷ್ಟು ಅಪಾಯವಿದೆ. ಬರೆದುಕೊಟ್ಟವರೇ ಹಂತಹಂತವಾಗಿ ಇಳಿಸಬೇಕು.

ಮೊದಲ ಎರಡು ವಾರ ಏನನ್ನೂ ಬದಲಿಸದೆ ಬರೀ ಬರೆದಿಡುವುದು. ಇನ್ನೂರು ಪುಟದ ನೋಟ್‌ಬುಕ್ಕು ಸಾಕು, ಆ್ಯಪ್ ಬೇಡ. ಹಾಸಿಗೆಗೆ ಹೋದದ್ದು, ನಿದ್ದೆ ಹತ್ತಲು ಹಿಡಿದ ಹೊತ್ತು, ನಡುವೆ ಎಚ್ಚರವಿದ್ದ ಒಟ್ಟು ಹೊತ್ತು, ಕೊನೆಯ ಎಚ್ಚರ, ಹಾಸಿಗೆ ಬಿಟ್ಟದ್ದು, ಹಗಲಿನ ಜೊಂಪು, ಕೊನೆಯ ಕಾಫಿ: ಇಷ್ಟು ಕಾಲಂ. ಬೆಳಿಗ್ಗೆ ಎದ್ದಮೇಲೆ ಅಂದಾಜಿನಲ್ಲಿ ತುಂಬಬೇಕು. ರಾತ್ರಿ ಗಡಿಯಾರ ನೋಡಿ ತುಂಬಲು ಹೊರಟರೆ 'ಎರಡೂವರೆ ಆಯ್ತು, ಇನ್ನು ಮೂರೇ ಗಂಟೆ' ಎನ್ನುವ ಲೆಕ್ಕ ಶುರುವಾಗಿ ಇದ್ದ ಮಂಪರೂ ಹಾರುತ್ತದೆ. ಗಡಿಯಾರವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಡುವುದೇ ಒಳ್ಳೆಯದು.

ನನ್ನ ಪುಸ್ತಕದ ಲೆಕ್ಕ ಹೀಗಿತ್ತು: ರಾತ್ರಿ 10ರಿಂದ ಬೆಳಿಗ್ಗೆ 6:30, ಹಾಸಿಗೆಯಲ್ಲಿ 510 ನಿಮಿಷ, ನಿದ್ದೆ ಸರಾಸರಿ 315 ನಿಮಿಷ. ಅಂದರೆ ನೂರಕ್ಕೆ 62. ಈಗ ನಿದ್ದೆಯ ಸರಾಸರಿ ಎಷ್ಟಿದೆಯೋ ಹಾಸಿಗೆಗೂ ಅಷ್ಟೇ ಹೊತ್ತು. 315 ಅನ್ನು 330ಕ್ಕೆ ಏರಿಸಿಕೊಂಡು, ಏಳುವುದು 5:30 ಎಂದು ಗಟ್ಟಿ ಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮಲಗುವುದು ರಾತ್ರಿ 12ಕ್ಕೆ. ಸರಾಸರಿ ಎಷ್ಟೇ ಕಡಿಮೆ ಬಂದರೂ ಐದು ಗಂಟೆಗಿಂತ ಕೆಳಗೆ ಇಳಿಸುವಂತಿಲ್ಲ.

ಕಷ್ಟವಿರುವುದು ರಾತ್ರಿ ಒಂಬತ್ತರಿಂದ ಹನ್ನೆರಡರ ನಡುವೆ. ಮೊದಲ ಹತ್ತು ದಿನ ಆ ಹೊತ್ತು ಕೊಲ್ಲುತ್ತದೆ. ಟಿವಿ ಮುಂದೆ ಕೂತರೆ ಹತ್ತು ನಿಮಿಷ ಕಣ್ಣು ಮುಚ್ಚಿಯೇ ಮುಚ್ಚುತ್ತದೆ, ಆ ಹತ್ತು ನಿಮಿಷ ಮಧ್ಯರಾತ್ರಿಗೆ ಬೇಕಾದ ನಿದ್ದೆಯ ಹಸಿವನ್ನು ತಿಂದುಹಾಕುತ್ತದೆ. ಊಟಕ್ಕೆ ಮುಂಚೆ ಎರಡು ಬಿಸ್ಕತ್ತು ತಿಂದ ಮಕ್ಕಳ ಹಾಗೆ. ನಿಂತು ಮಾಡುವ ಕೆಲಸವೇ ಸರಿ: ಬಟ್ಟೆ ಮಡಚುವುದು, ನಾಳೆಯ ತರಕಾರಿ ಹೆಚ್ಚುವುದು, ಪಾತ್ರೆ ಒರೆಸುವುದು. ಅವರೆ ಕಾಲದಲ್ಲಿ ನೆನೆಹಾಕಿದ ಕಾಳು ಹಿಸುಕುವುದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಕಾಳು ಪುಳಕ್ಕನೆ ಜಾರಿ ಬಟ್ಟಲಿಗೆ, ಸಿಪ್ಪೆ ಕೈಯಲ್ಲಿ. ತಲೆಗೆ ಕೆಲಸವಿಲ್ಲ, ಕೈಗೆ ಬಿಡುವಿಲ್ಲ.

ಹಾಸಿಗೆಗೆ ಹೋಗಲು 12 ಹೊಡೆದರಷ್ಟೇ ಸಾಲದು, ನಿದ್ದೆಯೂ ಬಂದಿರಬೇಕು. ದಣಿವು ಬೇರೆ, ತೂಕಡಿಕೆ ಬೇರೆ. ಮೈ ಕೈ ಸೋತು ತಲೆ ಮಾತ್ರ ಗಿರಗಿರ ಓಡುತ್ತಿದ್ದರೆ ಅದು ದಣಿವು, ಹಾಗೆ ಮಲಗಿದರೆ ಹೊರಳಾಟವೇ. ರೆಪ್ಪೆ ತಾನಾಗಿ ಇಳಿಯುವುದು, ಓದಿದ ಸಾಲನ್ನೇ ಮತ್ತೆ ಓದುವುದು, ಕತ್ತು ಜೋಲುವುದು, ಇದು ತೂಕಡಿಕೆ. ಮಲಗಿ ಹದಿನೈದು ಇಪ್ಪತ್ತು ನಿಮಿಷವಾಯಿತು ಅನ್ನಿಸಿದರೆ ಏಳಬೇಕು. ಅನ್ನಿಸಿದರೆ ಸಾಕು, ನೋಡಬೇಕಿಲ್ಲ. ಇನ್ನೊಂದು ಕೋಣೆ ಇಲ್ಲದ ಮನೆಯಲ್ಲಿ ಅಡುಗೆಮನೆಯ ಮಣೆಯೋ ಮೂಲೆಯ ಚಾಪೆಯೋ ಆದೀತು. ಹಾಸಿಗೆ ಬಿಡುವುದಷ್ಟೇ ಮುಖ್ಯ. ಮಂದ ದೀಪದಲ್ಲಿ ಹತ್ತಿ ಬಿಡಿಸಿ, ಬೆರಳಿಗೆ ಚೂರು ವಿಭೂತಿ ಹಚ್ಚಿಕೊಂಡು ಬತ್ತಿ ಹೊಸೆಯುತ್ತಾ ಕೂರುವುದು. ತೂಕಡಿಕೆ ಬಂದಾಗ ಮತ್ತೆ ಹಾಸಿಗೆಗೆ. ಬರದಿದ್ದರೆ ಮತ್ತೆ ಬತ್ತಿ. ಮೊದಲ ವಾರ ರಾತ್ರಿಗೆ ನಾಲ್ಕೈದು ಸಲ ಏಳಬೇಕಾದರೂ ಆಶ್ಚರ್ಯವಿಲ್ಲ. ಫೋನ್ ಮುಟ್ಟಿದರೆ ಆ ರಾತ್ರಿ ಮುಗಿದ ಹಾಗೆ. ಬೆಳಕಿಗಿಂತ ಅದರೊಳಗಿನ ಮಾತುಕತೆಯೇ ಹೆಚ್ಚು ಎಬ್ಬಿಸುತ್ತದೆ ಅನ್ನುವುದು ನನ್ನ ಅಂದಾಜು.

ಇನ್ನು ಕಾಫಿ. ಹಗಲಿಡೀ ಮಿದುಳಿನಲ್ಲಿ ಕೂಡಿಕೊಳ್ಳುವ ಅಡೆನೊಸಿನ್ ಎನ್ನುವ ರಾಸಾಯನಿಕ ನಿದ್ದೆಯ ಒತ್ತಡ ಕೊಡುತ್ತದೆ. ಕೆಫೀನ್ ಅದು ಕೂರಬೇಕಾದ ಜಾಗದಲ್ಲಿ ಟವೆಲ್ ಹಾಸಿ ಕೂತುಬಿಡುತ್ತದೆ. ಅರ್ಧ ಇಳಿಯಲು ಸುಮಾರು 5 ಗಂಟೆ, ಕೆಲವರಲ್ಲಿ ಇನ್ನೂ ಹೆಚ್ಚು. ಸಂಜೆ 5ರ ಕಾಫಿ ರಾತ್ರಿ 10ಕ್ಕೆ ಅರ್ಧ ಲೋಟ ಒಳಗೇ ಇರುತ್ತದೆ. 'ನಾನು ಕುಡಿದೇ ಮಲಗ್ತೀನಿ, ಏನೂ ಆಗಲ್ಲ' ಎನ್ನುವವರ ಗಾಢ ನಿದ್ದೆಯೂ ಕಡಿಮೆಯಾಗಿಯೇ ಇರುತ್ತದೆ, ಅವರಿಗೆ ಗೊತ್ತಾಗುವುದಿಲ್ಲ. ಮಧ್ಯಾಹ್ನ 12ರ ನಂತರ ಕಾಫಿ ಟೀ ಎರಡೂ ಇಲ್ಲ ಎಂದು ಇಟ್ಟುಕೊಂಡರೆ ಸರಿ. ನಾಲ್ಕು ಲೋಟದವರು ಒಂದೇ ದಿನ ನಿಲ್ಲಿಸಿದರೆ ಮರುದಿನವೇ ತಲೆನೋವು. ನಾಲ್ಕು ದಿನಕ್ಕೊಂದು ಲೋಟದಂತೆ, ದಿನದ ಕೊನೆಯದರಿಂದ ಇಳಿಸುತ್ತಾ ಬರಬೇಕು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಹಾಗಾಗಿ 80:20 ಪುಡಿಯಿಂದ 60:40ಕ್ಕೆ ಬಂದರೆ ಲೋಟ ಅಷ್ಟೇ ಇದ್ದು ಕೆಫೀನ್ ಕಾಲು ಭಾಗ ಇಳಿಯುತ್ತದೆ. ಡಿಕಾಕ್ಷನ್ನಿನ ಬಣ್ಣ ನೋಡಿ ಮೋಸ ಹೋಗಬಾರದು: ಚಿಕೋರಿ ಹೆಚ್ಚಿದ್ದಷ್ಟೂ ಅದು ಕಪ್ಪಗೆ, ಗಟ್ಟಿಯಾಗಿಯೇ ಕಾಣುತ್ತದೆ. ಸಂಜೆಗೆ ಕೊತ್ತಂಬರಿ ಜೀರಿಗೆಯ ಕಷಾಯ ಸಾಕು, ಅದೂ ಎಂಟರೊಳಗೆ; ಆಮೇಲೆ ಕುಡಿದದ್ದು ಎರಡು ಗಂಟೆಗೆ ಬಚ್ಚಲಿಗೆ ಎಬ್ಬಿಸುತ್ತದೆ.

ಎದ್ದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಹೊರಗಿನ ಬೆಳಕು ಬೇಕು. ಬೆಂಗಳೂರಿನಲ್ಲಿ ಜೂನ್ ಮೊದಲಲ್ಲಿ 6ಕ್ಕೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ, ಜನವರಿಯಲ್ಲಿ 6:45ರ ಹೊತ್ತಿಗೆ. ಚಳಿಗಾಲದಲ್ಲಿ ಅಲ್ಲಿಯತನಕ ಮನೆಯ ದೀಪವೆಲ್ಲ ಹಾಕಿಕೊಂಡಿರುವುದು. ರಾತ್ರಿ ಬಿಸಿನೀರಿನ ಸ್ನಾನ ಮಲಗುವ ಒಂದೆರಡು ಗಂಟೆ ಮುಂಚೆ ಆಗಬೇಕು. ಚರ್ಮಕ್ಕೆ ರಕ್ತ ಬಂದು ಒಳಗಿನ ಕಾವು ಹೊರಹೋಗಲು ಅಷ್ಟು ಹೊತ್ತು ಬೇಕು. ಜಾಯಿಕಾಯಿ ಹಾಲಿನಿಂದ ನನಗೇನೂ ಆಗಲಿಲ್ಲ. ಪ್ರಮಾಣ ಹೆಚ್ಚಾದರೆ ಅದು ವಿಷ ಅನ್ನುವುದು ನೆನಪಿರಲಿ. ಗಸಗಸೆ ಪಾಯಸ ಮಧ್ಯಾಹ್ನ ಉಂಡು ಎರಡು ಗಂಟೆ ಮಲಗಿದರೆ ಆ ರಾತ್ರಿ ಬತ್ತಿ ಹೊಸೆಯುವುದೇ ಗತಿ. ಪೆಗ್ ಹಾಕಿದರೆ ನಿದ್ದೆ ಬೇಗ ಹತ್ತುತ್ತದೆ, ರಾತ್ರಿಯ ಎರಡನೇ ಅರ್ಧ ಒಡೆಯುತ್ತದೆ.

ಚಿಂತೆಗೆ ಸಂಜೆ ಆರೂವರೆಗೆ ಹದಿನೈದು ನಿಮಿಷ. ಹಾಳೆಯ ಎಡಕ್ಕೆ ವಿಷಯ, ಬಲಕ್ಕೆ ನಾಳೆ ಮಾಡಬಹುದಾದ ಮೊದಲ ಕೆಲಸ: 'ಮಗಳ ಫೀಸು' – 'ಹತ್ತು ಗಂಟೆಗೆ ಬ್ಯಾಂಕಿಗೆ ಫೋನು'. ಬಲಕ್ಕೆ ಬರೆಯಲು ಏನೂ ಇಲ್ಲದ್ದಕ್ಕೆ ಒಂದು ಗೀಟು.

ಮೊದಲ ವಾರದ ಕೊನೆಗೆ ಪುಸ್ತಕದಲ್ಲಿದ್ದದ್ದು ದಿನಕ್ಕೆ 290 ನಿಮಿಷ ನಿದ್ದೆ. ಹಳೆಯದಕ್ಕಿಂತ 25 ನಿಮಿಷ ಕಡಿಮೆ. ಇಲ್ಲಿಯೇ ಹೆಚ್ಚಿನವರು ಕೈಬಿಡುವುದು. ಆದರೆ 330ಕ್ಕೆ 290 ಅಂದರೆ ನೂರಕ್ಕೆ 88. ತೂತು ಮುಚ್ಚಿಕೊಂಡಿದೆ ಎಂದರ್ಥ. 85 ದಾಟಿದ ವಾರ 15 ನಿಮಿಷ ಬೇಗ ಮಲಗುವುದು, 80–85 ಇದ್ದರೆ ಹಾಗೇ ಬಿಡುವುದು, 80ರ ಕೆಳಗಾದರೆ 15 ನಿಮಿಷ ತಡವಾಗಿ ಮಲಗುವುದು. ಏಳುವ ಹೊತ್ತು ಅಲುಗುವುದಿಲ್ಲ. ಭಾನುವಾರವೂ 5:30, ಮದುವೆಮನೆಯಿಂದ ರಾತ್ರಿ ಒಂದಕ್ಕೆ ಬಂದರೂ 5:30. ಭಾನುವಾರ ಎಂಟರವರೆಗೆ ಮಲಗಿದವರಿಗೆ ಆ ರಾತ್ರಿ ಹನ್ನೆರಡಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಈ ದಿನಗಳಲ್ಲಿ ಮಧ್ಯಾಹ್ನ ಕಣ್ಣು ಕೂರುತ್ತದೆ. ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಓಡಾಡಬೇಕು, ಸೀಟು ಸಿಕ್ಕಿದರೂ ನಿಂತೇ.

ಎಂಟನೇ ವಾರಕ್ಕೆ ನಾನು ನಿಂತದ್ದು 10:45ರಿಂದ 5:30ಕ್ಕೆ, ಆರೂಮುಕ್ಕಾಲು ಗಂಟೆ. ಅಲ್ಲಿಂದ ಇನ್ನೊಂದು ಕಾಲು ಗಂಟೆ ಸೇರಿಸಿದಾಗ ಬೆಳಗಿನ ಜಾವ ಎಚ್ಚರವಾಗತೊಡಗಿತು, ತೆಗೆದುಹಾಕಿದೆ. ಜ್ವರ, ಪ್ರಯಾಣ, ಹಬ್ಬದ ಕೆಲಸದಿಂದ ಸತತ ಮೂರು ರಾತ್ರಿ ಕೆಟ್ಟರೆ ಮಲಗುವುದನ್ನು 11:15ಕ್ಕೆ ತಳ್ಳಿ, ನೋಟ್‌ಬುಕ್ಕು ಮತ್ತೆ ತೆರೆಯುತ್ತೇನೆ.